ಅರಿವೆಯ ಚೀಲ ದಾಟಿ ಬಂದ ಬೇರು!

ನೋಡಿ, ಆ ಬಿಳಿ ಚುಕ್ಕೆಗಳನ್ನು ನೋಡಿ! ಅಂಗೈ ಮೇಲೆ ನಿಲ್ಲುವಷ್ಟು ಪುಟ್ಟ ಹತ್ತಿ ಬಟ್ಟೆಯ ಚೀಲ, ಅದರೊಳಗೆ ಎರಡು ಹಿಡಿ ಮಣ್ಣು, ಮಣ್ಣೊಳಗೆ ಒಂದೇ ಒಂದು ಸೌತೆ ಬೀಜ. ಬಿತ್ತಿ ಎರಡು ವಾರ ಆಗಿದೆಯೋ ಇಲ್ಲವೋ, ಚೀಲದ ಹೊರಮೈಯಲ್ಲಿ, ಹಾಸುಹೊಕ್ಕಿನ ಎಳೆಗಳ ಸಂದಿನಿಂದ, ಸೂಜಿಮೊನೆಯಷ್ಟೇ ಸಣ್ಣ ಬಿಳಿ ತುದಿಗಳು ಹೊರಗೆ ಇಣುಕುತ್ತಿವೆ. ಒಂದೆರಡಲ್ಲ, ಸುತ್ತಲೂ ಇವೆ, ತಳದಲ್ಲೂ ಇವೆ! ಬಟ್ಟೆ ಎಲ್ಲೂ ಹರಿದಿಲ್ಲ, ಯಾರೂ ತೂತು ಕೊರೆದಿಲ್ಲ. ನಮ್ಮ ಕಣ್ಣಿಗೆ ಕಾಣದ ಸಂದುಗಳನ್ನು ಬೇರುಗಳು ಕತ್ತಲೆಯಲ್ಲಿ ತಡಕಿ, ಹುಡುಕಿ, ನುಸುಳಿ ಬಂದಿವೆ. ಭೂತಗನ್ನಡಿ ಹಿಡಿದು ನೋಡಿದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಬೀಜ ಬಿತ್ತಿ ಸಸಿ ಎಬ್ಬಿಸುವುದು ನಮಗೇನು ಹೊಸದೇ? ಟೊಮೆಟೊ, ಬದನೆ, ಮೆಣಸಿನಕಾಯಿಗೆ ತಲೆತಲಾಂತರದಿಂದ ಒಟ್ಲು ಹಾಕುತ್ತಲೇ ಬಂದಿದ್ದೇವೆ. ತಾರಸಿ ತೋಟದವರು ಮೊಸರಿನ ಡಬ್ಬಿ, ಹಾಲಿನ ಪ್ಯಾಕೆಟ್, ಕರಿ ಪ್ಲಾಸ್ಟಿಕ್ ಕೊಟ್ಟೆ ಯಾವುದನ್ನೂ ಬಿಟ್ಟಿಲ್ಲ. ಆದರೂ ಈ ಬಟ್ಟೆ ಚೀಲ ತೋರಿಸುವ ಲೋಕವೇ ಬೇರೆ. ಇದರಲ್ಲಿ ಬೇರು ಕಾಣುತ್ತದೆ! ಮಣ್ಣಿನ ಮರೆಯಲ್ಲಿ ನಡೆಯುವ ಕೆಲಸದ ತುದಿ ನಮ್ಮ ಕಣ್ಣೆದುರಿಗೇ ಬಂದು ನಿಲ್ಲುತ್ತದೆ. ಆಮೇಲೆ ಚೀಲದ ಸಮೇತ ಗಿಡವನ್ನು ನೆಲಕ್ಕೆ ಇಟ್ಟರೆ, ಕೆಲವು ತಿಂಗಳಲ್ಲಿ ಚೀಲವೇ ಮಾಯ. ಎಲ್ಲಿ ಹೋಯಿತು? ಯಾರು ತಿಂದರು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೊರಟರೆ ಡಾರ್ವಿನ್ ಸಿಗುತ್ತಾನೆ, ಬಾಹ್ಯಾಕಾಶ ನೌಕೆ ಸಿಗುತ್ತದೆ, ಎರಡನೇ ಮಹಾಯುದ್ಧದ ಕೊಳೆತ ಡೇರೆಗಳು ಸಿಗುತ್ತವೆ. ಒಂದು ಸೌತೆ ಬೀಜಕ್ಕೆ ಇಷ್ಟೊಂದು ಬಳಗ!

ಮೊದಲು ಬೀಜದ ಹತ್ತಿರ ಹೋಗೋಣ. ಹಿಮಾಲಯದ ತಪ್ಪಲಿನ ಕಾಡುಬಳ್ಳಿಯ ಸಂತತಿ ಇದು. ಚಪ್ಪಟೆ ಮೈ, ಹಾಗಾಗಿ ಮಣ್ಣಿನಲ್ಲಿ ಅಡ್ಡಡ್ಡ ಮಲಗುತ್ತದೆ. ನೀರು ಕುಡಿದು ಊದುತ್ತದೆ, ಚೂಪು ತುದಿ ಬಿರಿದು ಬಿಳಿ ಬೇರು ಹೊರಬಂದು ಕೆಳಕ್ಕೆ ಬಾಗುತ್ತದೆ. ಈಗ ಇರುವುದು ನಿಜವಾದ ಸಂಕಟ. ಎರಡು ಮೆತ್ತನೆಯ ಬೀಜದಳಗಳು ಗಟ್ಟಿ ಸಿಪ್ಪೆಯ ಒಳಗೆ ಸಿಕ್ಕಿಕೊಂಡಿವೆ. ಹೊರಗೆ ಬರಬೇಕು. ಕೈಯಿಲ್ಲ, ಹಲ್ಲಿಲ್ಲ, ಸಹಾಯಕ್ಕೆ ಯಾರೂ ಇಲ್ಲ. ಹೇಗೆ ಬರುತ್ತವೆ?

ಬೇರೂ ಕಾಂಡವೂ ಸೇರುವ ತಿರುವಿನಲ್ಲಿ, ಬಾಗಿದ ಒಳಮೈಗೆ, ಒಂದು ಪುಟ್ಟ ಗೂಟ ಮೂಡುತ್ತದೆ! ಹೌದು, ಗೂಟ. ಅದು ಸಿಪ್ಪೆಯ ಕೆಳಗಿನ ಹೋಳನ್ನು ಒತ್ತಿ ಹಿಡಿದುಕೊಳ್ಳುತ್ತದೆ. ಅತ್ತ ಕಾಂಡ ಕಮಾನಿನಂತೆ ಮೇಲಕ್ಕೆ ಸೆಟೆಯುತ್ತದೆ. ಹಾರೆಗೆ ತೆಂಗಿನಕಾಯಿಯನ್ನು ಒತ್ತಿ ಹಿಡಿದು ಸಿಪ್ಪೆ ಸುಲಿಯುವವರನ್ನು ನೋಡಿದ್ದೀರಲ್ಲ, ಇಲ್ಲಿಯೂ ಅದೇ ವರಸೆ. ಒಂದು ಕಡೆ ಹಿಡಿತ, ಇನ್ನೊಂದು ಕಡೆ ಎಳೆತ, ಬೀಜದಳಗಳು ನುಣುಚಿಕೊಂಡು ಈಚೆಗೆ! ಸಿಪ್ಪೆ ಮಣ್ಣಿನಲ್ಲೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಆ ಗೂಟವನ್ನು ಯಾರೂ ನೆನೆಯುವುದಿಲ್ಲ.

ಚಾರ್ಲ್ಸ್ ಡಾರ್ವಿನ್ ನೆನೆದಿದ್ದ. ಮಗ ಫ್ರಾನ್ಸಿಸ್ ಜೊತೆ ಸೇರಿ ಗಿಡಗಳ ಚಲನೆಯ ಬಗ್ಗೆ ಬರೆದ ದೊಡ್ಡ ಪುಸ್ತಕವನ್ನು 1880ರಲ್ಲಿ ಹೊರತಂದಾಗ ಅವನಿಗೆ 71 ವರ್ಷ. ಜೀವವಿಕಾಸದ ಕಥೆಯನ್ನೇ ಜಗತ್ತಿಗೆ ಹೇಳಿ ಮುಗಿಸಿದ್ದ ಮುದುಕ, ಕುಂಬಳದ ಜಾತಿಯ ಮೊಳಕೆಯ ಗೂಟವನ್ನು ಬಗ್ಗಿ ನೋಡುತ್ತಾ ಪುಟಗಟ್ಟಲೆ ಬರೆದ. ಅವನಿಗೂ ಗೊತ್ತಿರದ ಗುಟ್ಟೊಂದು 1998ರಲ್ಲಿ ಬಯಲಾಯಿತು. ಡಿಸ್ಕವರಿ ಬಾಹ್ಯಾಕಾಶ ನೌಕೆಯಲ್ಲಿ ಜಪಾನಿನ ವಿಜ್ಞಾನಿ ಹಿದೆಯುಕಿ ತಕಹಾಶಿ ಅವರ ತಂಡದ ಸೌತೆ ಬೀಜಗಳು ಮೇಲಕ್ಕೆ ಹೋದವು, ತೂಕವೇ ಇಲ್ಲದ ಜಾಗದಲ್ಲಿ ಮೊಳೆತವು. ಅಲ್ಲಿ ಮೂಡಿದ್ದು ಒಂದು ಗೂಟವಲ್ಲ, ಎರಡು! ಕಾಂಡದ ಎರಡೂ ಬದಿಗೆ ಒಂದೊಂದು. ಅಂದರೆ ಸೌತೆ ಮೊಳಕೆಗೆ ಎರಡು ಗೂಟ ಕಟ್ಟುವ ಶಕ್ತಿ ಹುಟ್ಟಿನಿಂದಲೇ ಇದೆ. ನಮ್ಮ ಭೂಮಿಯ ಸೆಳೆತ ಮೇಲ್ಬದಿಯದನ್ನು ತಡೆದು, ಬೇಕಾದ ಒಂದನ್ನು ಮಾತ್ರ ಉಳಿಸುತ್ತದೆ. ನಿಮ್ಮ ಕೈತೋಟದ ಪ್ರತಿ ಸೌತೆ ಸಸಿಯ ಬುಡದಲ್ಲೂ ಭೂಮಿಯ ರುಜು ಬಿದ್ದಿದೆ.

ಇನ್ನು ಬೇರು. ಬೀಜವನ್ನು ತಲೆಕೆಳಗಾಗಿ ಹಾಕಿ, ಅಡ್ಡ ಹಾಕಿ, ಬೇರು ಕೆಳಕ್ಕೇ ಹೋಗುತ್ತದೆ. ಮೇಲು ಯಾವುದು, ಕೆಳಗು ಯಾವುದು ಎಂದು ಆ ಕತ್ತಲಲ್ಲಿ ಅದಕ್ಕೆ ಹೇಳುವವರು ಯಾರು? ಬೇರಿನ ತುದಿಗೆ ಟೊಪ್ಪಿಗೆಯೊಂದಿದೆ, ಅದರ ನಡುವಿನ ಜೀವಕೋಶಗಳಲ್ಲಿ ಪಿಷ್ಟದ ಕಾಳುಗಳಿವೆ. ಅವು ಭಾರಕ್ಕೆ ಕೋಶದ ತಳಕ್ಕೆ ಇಳಿಯುತ್ತವೆ. ಎಲ್ಲಿ ಇಳಿದವೋ ಅದೇ ಕೆಳಗು! 1806ರಷ್ಟು ಹಿಂದೆಯೇ ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್, ನೀರಿನ ಬಲದಿಂದ ತಿರುಗುವ ಚಕ್ರಕ್ಕೆ ಬೀನ್ಸ್ ಬೀಜ ಕಟ್ಟಿ ಮೊಳೆಯಲು ಬಿಟ್ಟಿದ್ದ. ಸುತ್ತುವ ಚಕ್ರ ಹೊರಕ್ಕೆ ಎಸೆಯುವ ಬಲವನ್ನೇ ಸೆಳೆತವೆಂದು ಬಗೆದು ಬೇರುಗಳೆಲ್ಲ ಚಕ್ರದ ಹೊರಕ್ಕೆ, ಚಿಗುರುಗಳೆಲ್ಲ ಚಕ್ರದ ನಡುವಿಗೆ ತಿರುಗಿದವು. ಬೇರು ಅರಿಯುವುದು ಸೆಳೆತವನ್ನು ಎಂದು ಅಂದೇ ಸಾಬೀತಾಯಿತು.

ಹೀಗೆ ಇಳಿದ ಬೇರು ಚೀಲದ ಗೋಡೆಗೆ ಬಂದು ತಾಗುತ್ತದೆ. ಪ್ಲಾಸ್ಟಿಕ್ ಆದರೆ ಅಲ್ಲಿಗೆ ದಾರಿ ಮುಗಿಯಿತು. ನುಣುಪು ಗೋಡೆಯನ್ನು ಸವರಿಕೊಂಡು ಬೇರು ಸುತ್ತತೊಡಗುತ್ತದೆ. ಸುತ್ತಿ ಸುತ್ತಿ ಹಗ್ಗದ ಸುರುಳಿಯಾಗುತ್ತದೆ. ಕಾಫಿ ಸೀಮೆಯವರಿಗೆ ಇದು ಚೆನ್ನಾಗಿ ಗೊತ್ತು. ಸಸಿ ನೆಡುವ ಮುಂಚೆ ಕೊಟ್ಟೆಯ ತಳವನ್ನು ಒಂದೆರಡು ಸೆಂಟಿಮೀಟರ್ ಕತ್ತರಿಸಿ, ಸುರುಳಿ ಸುತ್ತಿದ ತಾಯಿಬೇರಿನ ತುದಿಯನ್ನು ತೆಗೆದೇ ಗುಂಡಿಗೆ ಇಳಿಸುತ್ತಾರೆ. ತೆಗೆಯದೆ ನೆಟ್ಟರೆ ಸುರುಳಿ ನೆಲದಲ್ಲೂ ಸುರುಳಿಯಾಗಿಯೇ ಉಳಿದು, ಮರ ದಪ್ಪವಾದಂತೆ ತನ್ನ ಬುಡವನ್ನು ತಾನೇ ಬಿಗಿಯುತ್ತದೆ.

ಬಟ್ಟೆಯ ಚೀಲದಲ್ಲಿ ನಡೆಯುವುದೇ ಬೇರೆ! ಬೇರಿನ ತುದಿ ಎಳೆಗಳ ಸಂದಿಗೆ ಬಾಯಿಟ್ಟು ಹೊರಗಿಣುಕುತ್ತದೆ. ಹೊರಗೆ ಮಣ್ಣಿಲ್ಲ, ಒಣ ಗಾಳಿ. ತುದಿ ಅಲ್ಲೇ ಒಣಗಿ ನಿಲ್ಲುತ್ತದೆ. ಅಯ್ಯೋ ಎನ್ನಬೇಡಿ, ಪವಾಡ ಶುರುವಾಗುವುದೇ ಇಲ್ಲಿಂದ. ತುದಿಯ ಯಜಮಾನಿಕೆ ತಪ್ಪಿದ ಕೂಡಲೇ, ಹಿಂದಿನ ಬೇರಿನ ಒಳಪದರದಿಂದ ಹೊಸ ಕವಲುಗಳು ತೊಗಲು ಸೀಳಿಕೊಂಡು ಹೊರಡುತ್ತವೆ. ಆ ಕವಲುಗಳೂ ಬಟ್ಟೆಯವರೆಗೆ ಬಂದು ನಿಲ್ಲುತ್ತವೆ, ಮತ್ತೆ ಕವಲೊಡೆಯುತ್ತವೆ. ಕತ್ತರಿ ಇಲ್ಲದೆ ಗಾಳಿಯೇ ಬೇರು ಸವರುತ್ತದೆ! ಅಮೆರಿಕದ ತೋಟಗಾರಿಕಾ ವಿಜ್ಞಾನಿ ಕಾರ್ಲ್ ವಿಟ್ಕಂಬ್ 1960ರ ದಶಕದ ಕೊನೆಯಲ್ಲಿ ತಳ ಕತ್ತರಿಸಿದ ಹಾಲಿನ ರಟ್ಟಿನ ಡಬ್ಬಗಳಲ್ಲಿ ಸಸಿ ಬೆಳೆಸಿ ಈ ಗಾಳಿ ಕತ್ತರಿಯ ಕೈಚಳಕವನ್ನು ಪರೀಕ್ಷಿಸಿದ್ದರು. ನೆಲಕ್ಕೆ ಇಳಿದ ದಿನ ಆ ನೂರಾರು ಕವಲುಗಳೆಲ್ಲ ಒಟ್ಟಿಗೆ ಹೊರಡಲು ತಯಾರಾಗಿ ನಿಂತಿರುತ್ತವೆ.

ಒಂದು ಗಿಡ ಎಷ್ಟು ಬೇರು ಬಿಡಬಲ್ಲದು ಎಂದು ಎಣಿಸಿದವರೂ ಇದ್ದಾರೆ. ಹೋವರ್ಡ್ ಡಿಟ್‌ಮರ್ ಎಂಬ ಅಮೆರಿಕದ ಸಸ್ಯವಿಜ್ಞಾನಿ ರೈ ಎಂಬ ಧಾನ್ಯದ ಒಂದೇ ಒಂದು ಗಿಡವನ್ನು ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆಸಿ, ಮಣ್ಣು ತೊಳೆದು, ಬೇರುಗಳ ಲೆಕ್ಕ ಹಾಕಿ 1937ರಲ್ಲಿ ಪ್ರಕಟಿಸಿದರು. 1.3 ಕೋಟಿಗೂ ಹೆಚ್ಚು ಬೇರುಗಳು! ಸಾಲಾಗಿ ಜೋಡಿಸಿದರೆ ಸುಮಾರು 620 ಕಿಲೋಮೀಟರ್, ಹತ್ತಿರಹತ್ತಿರ ಬೆಂಗಳೂರಿನಿಂದ ಕಲಬುರಗಿಯ ದಾರಿ. ಬೇರುರೋಮಗಳನ್ನೂ ಸೇರಿಸಿದರೆ ಇನ್ನೂ 10,000 ಕಿಲೋಮೀಟರಿಗೂ ಮೀರಿದ ಉದ್ದ. ನಮ್ಮ ಪುಟ್ಟ ಚೀಲದಲ್ಲಿ ಅಷ್ಟು ಇರಲಾರದು, ಆದರೆ ಕೆಲಸದ ರೀತಿ ಅದೇ.

ಈಗ ನೆಡುವ ದಿನ. ಸೌತೆ, ಹೀರೆ, ಸೋರೆ, ಹಾಗಲ, ಪಡವಲ ಇವೆಲ್ಲ ಬೇರು ಕದಡಿದರೆ ಮುನಿಯುವ ಬಳ್ಳಿಗಳು. ಕಿತ್ತು ನೆಟ್ಟರೆ ದಿನಗಟ್ಟಲೆ ಬಾಡಿ ನಿಲ್ಲುತ್ತವೆ. ಅದಕ್ಕೇ ಹಿರಿಯರು ಇವನ್ನು ನೇರವಾಗಿ ಪಾತಿಗೇ ಹಾಕುತ್ತಿದ್ದುದು. ಬಟ್ಟೆ ಚೀಲದಲ್ಲಿ ಎದ್ದ ಬಳ್ಳಿಗೆ ತಾನು ಜಾಗ ಬದಲಿಸಿದ್ದೇ ತಿಳಿಯುವುದಿಲ್ಲ. ಚೀಲವನ್ನು ಹಾಗೇ ಗುಂಡಿಗೆ ಇಟ್ಟು ಮಣ್ಣು ಮುಚ್ಚಿ ನೀರು ಹಾಕುತ್ತೇವೆ. ಹೊರಗೆ ಗಾಳಿಯಿದ್ದ ಕಡೆ ಈಗ ಹಸಿ ಮಣ್ಣು. ತಡೆದು ನಿಂತಿದ್ದ ಬೇರುಗಳು ಹೊರಟೇಬಿಡುತ್ತವೆ.

ಚೀಲದ ಗತಿ ಏನಾಗುತ್ತದೆ? ಇದನ್ನು ಓದಿ ತಿಳಿದ ದಿನ ನನಗೆ ಕುಣಿಯುವಂತಾಯಿತು.

ಹತ್ತಿ ನಾರಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಪಾಲು ಸೆಲ್ಯುಲೋಸ್. ಸೆಲ್ಯುಲೋಸ್ ಎಂದರೆ ಗ್ಲೂಕೋಸಿನ ಉದ್ದುದ್ದ ಸರಪಳಿ. ಅನ್ನದಲ್ಲಿರುವ ಪಿಷ್ಟವೂ ಗ್ಲೂಕೋಸಿನದೇ ಸರಪಳಿ! ಉಣ್ಣುವ ಅನ್ನ, ಉಡುವ ಪಂಚೆ ಎರಡರ ಇಟ್ಟಿಗೆಯೂ ಒಂದೇ. ಕೊಂಡಿ ಹಾಕಿದ ರೀತಿ ಮಾತ್ರ ಬೇರೆ. ಆ ಕೊಂಡಿ ಬಿಡಿಸುವ ಕಿಣ್ವ ನಮ್ಮ ಹೊಟ್ಟೆಯಲ್ಲಿಲ್ಲ. ಮಣ್ಣಿನ ಶಿಲೀಂಧ್ರಗಳಲ್ಲಿದೆ. ಅವಕ್ಕೆ ನಿಮ್ಮ ಬಟ್ಟೆ ಚೀಲವೆಂದರೆ ಔತಣ.

ಈ ಔತಣದ ದೊಡ್ಡ ಕಥೆ ನಡೆದದ್ದು ಎರಡನೇ ಮಹಾಯುದ್ಧದಲ್ಲಿ, ದಕ್ಷಿಣ ಪೆಸಿಫಿಕ್ಕಿನ ಸೊಲೊಮನ್ ದ್ವೀಪಗಳಲ್ಲಿ. ಅಲ್ಲಿನ ಮಳೆ, ಸೆಕೆಗೆ ಅಮೆರಿಕದ ಸೈನಿಕರ ಹತ್ತಿ ಡೇರೆಗಳೂ ಸಮವಸ್ತ್ರಗಳೂ ಕೊಳೆತು ಚಿಂದಿಯಾಗುತ್ತಿದ್ದವು. ಶತ್ರು ಯಾರೆಂದು ಹುಡುಕಲು ಸೇನೆಯೇ ವಿಜ್ಞಾನಿಗಳನ್ನು ಹಚ್ಚಿತು. ಸಿಕ್ಕಿದ್ದು ಒಂದು ಹಸಿರು ಬೂಷ್ಟು. ಅದಕ್ಕೆ ಕೊಟ್ಟ ಗುರುತು ಕ್ಯೂಎಂ6ಎ. ಅದು ಸೆಲ್ಯುಲೋಸನ್ನು ಕರಗಿಸುವ ವೇಗ ಕಂಡು ಬೆರಗಾದ ವಿಜ್ಞಾನಿಗಳಾದ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ದಶಕಗಳ ಕಾಲ ಅದರ ಹಿಂದೆ ಬಿದ್ದರು. 1977ರಲ್ಲಿ ಅದಕ್ಕೆ ರೀಸ್ ಅವರ ಗೌರವಾರ್ಥವೇ ಹೆಸರು ಬಂತು: ಟ್ರೈಕೋಡರ್ಮಾ ರೀಸೈ. ಇಂದು ಜೀನ್ಸ್ ಪ್ಯಾಂಟಿನ ಬಣ್ಣ ಮಾಸಿಸಲು, ಕೃಷಿ ತ್ಯಾಜ್ಯದಿಂದ ಎಥನಾಲ್ ತೆಗೆಯಲು ಬಳಸುವ ಕಿಣ್ವಗಳಲ್ಲಿ ಹಲವು ಆ ಒಂದು ಡೇರೆಯ ಬೂಷ್ಟಿನ ಸಂತಾನದಿಂದಲೇ ಬರುತ್ತವೆ!

ಟ್ರೈಕೋಡರ್ಮಾ! ಈ ಹೆಸರು ಎಲ್ಲೋ ಕೇಳಿದಂತಿದೆಯಲ್ಲ? ನಮ್ಮ ಅಡಿಕೆ, ಶುಂಠಿ, ಮೆಣಸಿನ ಬೆಳೆಗಾರರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಮಾಗಿಸಿ ಬುಡಕ್ಕೆ ಹಾಕುವ ಟ್ರೈಕೋಡರ್ಮಾ ಪುಡಿ ಇದೇ ಬಳಗದ್ದು, ಇದರ ದಾಯಾದಿ. ಸಸಿಮಡಿಯಲ್ಲಿ ಎಳೆ ಸಸಿಗಳು ಬುಡ ಕೊಳೆತು ಒಂದೇ ರಾತ್ರಿಗೆ ಮಲಗಿಬಿಡುತ್ತವಲ್ಲ, ಆ ಸಸಿ ಸಾಯುವ ರೋಗಕ್ಕೆ ಪೈಥಿಯಂ ಎಂಬ ಜೀವಿ ದೊಡ್ಡ ಕಾರಣ. ಪೈಥಿಯಂನ ಕೋಶದ ಗೋಡೆಯಲ್ಲಿ ಇರುವುದೇನು ಗೊತ್ತೇ? ಅಲ್ಲೂ ಸೆಲ್ಯುಲೋಸ್! ಟ್ರೈಕೋಡರ್ಮಾ ಎಳೆಗಳು ರೋಗದ ಎಳೆಗಳಿಗೆ ಸುತ್ತಿಕೊಂಡು ಗೋಡೆ ಕರಗಿಸುತ್ತವೆ. ಅದಕ್ಕೆ ಬಳಸುವ ಕಿಣ್ವಗಳ ಬತ್ತಳಿಕೆಯಲ್ಲಿ ಸೆಲ್ಯುಲೋಸ್ ಬಿಡಿಸುವ ಬಾಣವೂ ಉಂಟು. ಎಳೆ ಸಸಿಯನ್ನು ಕಾಯುವ ಜೀವಿಯೂ, ಸಸಿ ಬೆಳೆದ ಮೇಲೆ ಅದರ ತೊಟ್ಟಿಲನ್ನು ತಿಂದು ದಾರಿ ಬಿಡುವ ಜೀವಿಯೂ ಒಂದೇ ಕುಲದವು. ಇದಕ್ಕಿಂತ ಸೊಗಸಾದ ಏರ್ಪಾಡು ಯಾವ ಕಾರ್ಖಾನೆಯಿಂದ ಬಂದೀತು!

ನೆಲದಲ್ಲಿ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ಹತ್ತಿ ಬಟ್ಟೆಯನ್ನೇ ಅಳತೆಗೋಲು ಮಾಡಿಕೊಂಡವರೂ ಇದ್ದಾರೆ. 2021ರಲ್ಲಿ ಸ್ವಿಟ್ಜರ್ಲೆಂಡಿನ ಕೃಷಿ ಸಂಶೋಧನಾ ಸಂಸ್ಥೆ ಆಗ್ರೋಸ್ಕೋಪ್ ದೇಶದ ಸುಮಾರು 1,000 ರೈತರು, ತೋಟಗಾರರಿಂದ ಹತ್ತಿ ಚಡ್ಡಿಗಳನ್ನು ಹೊಲಗಳಲ್ಲಿ ಹೂಳಿಸಿತು! ತಿಂಗಳಿಗೆ ಒಂದನ್ನು, ಎರಡು ತಿಂಗಳಿಗೆ ಇನ್ನೊಂದನ್ನು ಅಗೆದು ನೋಡುವುದು. ಜೀವಂತ ಮಣ್ಣಿನಲ್ಲಿ ಬಟ್ಟೆ ಕರಗಿ ಸೊಂಟದ ಎಲಾಸ್ಟಿಕ್ ಮಾತ್ರ ಉಳಿಯುತ್ತದೆ.

ಆ ಎಲಾಸ್ಟಿಕ್ಕನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಅಂಗಡಿಗೆ ಹೋದಾಗ ಎಚ್ಚರ ಬೇಕು. ಮಣ್ಣಲ್ಲಿ ಕರಗುವ ನರ್ಸರಿ ಚೀಲ ಎಂದು ಮಾರುವ ತೆಳು ಬಿಳಿ ಚೀಲಗಳು ನೋಡಲು ಬಟ್ಟೆಯೇ. ಆದರೆ ಅವುಗಳಲ್ಲಿ ಹಲವು ಪಾಲಿಪ್ರೊಪಿಲೀನ್, ಅಂದರೆ ಅಪ್ಪಟ ಪ್ಲಾಸ್ಟಿಕ್ ಎಳೆ. ಮದುವೆ ಮನೆಯಲ್ಲಿ ತೆಂಗಿನಕಾಯಿ ಹಾಕಿ ಕೊಡುವ ನೇಯದ ಚೀಲಗಳ ಜಾತಿ. 2021ರ ಆಗಸ್ಟಿನಲ್ಲಿ ತಿದ್ದಿದ ಕೇಂದ್ರದ ನಿಯಮವೇ ಅವನ್ನು ಪ್ಲಾಸ್ಟಿಕ್ ಕೈಚೀಲ ಎಂದು ಕರೆದು, ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾಗಿರಕೂಡದು ಎಂದಿದೆ. ಬೇರು ಅದನ್ನೂ ತೂರಿ ಬರಬಹುದು, ಆದರೆ ಚೀಲ ಕರಗುವುದಿಲ್ಲ. ಚೂರುಚೂರಾಗಿ ಮಣ್ಣಲ್ಲೇ ಉಳಿಯುತ್ತದೆ. ಮೆಕ್ಕೆಜೋಳದ ಸಕ್ಕರೆಯಿಂದ ಮಾಡಿದ ಪಿಎಲ್‌ಎ ಎಂಬ ಎಳೆಯದು ಇನ್ನೊಂದು ತರಹ. ಅದು ಸರಿಯಾಗಿ ಕರಗಲು ದೊಡ್ಡ ಗೊಬ್ಬರ ಘಟಕದ ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಕೈತೋಟದ ತಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಹುದು.

ಪರೀಕ್ಷೆ ಸುಲಭ. ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿ, ಗೋಣಿ ಆದರೆ ಕಾಗದ ಸುಟ್ಟ ವಾಸನೆ, ಉದುರುವ ಬೂದಿ. ಮುದುಡಿ, ಕರಗಿ, ಗಟ್ಟಿ ಮಣಿಯಾಯಿತೋ, ಅದನ್ನು ನೆಲಕ್ಕೆ ಹಾಕಬೇಡಿ.

ನಮ್ಮ ನಾಡಿಗೆ ಕರಗುವ ತೊಟ್ಟಿಲು ಹೊಸದೂ ಅಲ್ಲ. ಪ್ಲಾಸ್ಟಿಕ್ ಬರುವ ಮುಂಚೆ ಕಾಫಿ ಸಸಿಗಳು ಬೆಳೆದದ್ದು ಬುಟ್ಟಿಯಲ್ಲಿ. ಕರಾವಳಿಯ ಮನೆಗಳಲ್ಲಿ ಬೀಜದ ಭತ್ತ ಮಳೆಗಾಲ ಕಳೆದದ್ದು ಒಣಹುಲ್ಲು ಸುತ್ತಿ ಬಿಗಿದ ಮುಡಿಯಲ್ಲಿ.

ಚೀಲ ಮಾಡುವುದು ಕಷ್ಟವಿಲ್ಲ. ಹಳೆಯ ಹತ್ತಿ ಪಂಚೆ, ನೂಲಿನ ಸೀರೆ, ಟೈಲರ್ ಅಂಗಡಿಯ ಹತ್ತಿ ಚಿಂದಿ ಯಾವುದಾದರೂ ಸರಿ. ಟೆರಿಕಾಟ್, ಜರಿ ಬೇಡ. ಹೊಲಿಯುವ ದಾರವೂ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರವಾದರೆ ಬಟ್ಟೆ ಹೋಗಿ ದಾರದ ಬಲೆ ಮಣ್ಣಲ್ಲಿ ಉಳಿಯುತ್ತದೆ. ನಾಲ್ಕು ಬೆರಳು ಅಗಲ, ಆರೇಳು ಬೆರಳು ಎತ್ತರ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಚೀಲದ ಆಯುಸ್ಸು ಸಸಿಯ ವಯಸ್ಸಿಗೆ ಹೊಂದಬೇಕು. ಸೌತೆ, ಹೀರೆ ಎರಡು ಮೂರು ವಾರದಲ್ಲಿ ನೆಲಕ್ಕೆ ಹೋಗುತ್ತವೆ, ಅವಕ್ಕೆ ತೆಳು ಹತ್ತಿ. ಮೆಣಸಿನಕಾಯಿ, ಬದನೆ ನಾಲ್ಕೈದು ವಾರ ಕಾಯಬೇಕು, ಅವಕ್ಕೆ ದಪ್ಪ ಹತ್ತಿ ಇಲ್ಲವೇ ಗೋಣಿತಾಟು. ತಿಂಗಳುಗಟ್ಟಲೆ ಕೂರುವ ಸಸಿಗೆ ಗೋಣಿಯನ್ನೇ ಎರಡು ಪದರ ಮಾಡಿ. ಮೂಲಂಗಿ, ಕ್ಯಾರೆಟ್ಟಿಗೆ ಚೀಲದ ಗೊಡವೆಯೇ ಬೇಡ, ನೇರ ಪಾತಿಗೆ.

ತೊಳೆದ ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಒಂದಿಷ್ಟು ಕೆಂಪು ಮಣ್ಣು ಬೆರೆಸಿ ತುಂಬಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹದ ಮಾಡಿದ ಅರ್ಕಾ ನಾರಿನ ಪುಡಿಯೂ ಇದೆ. ಬೀಜದ ಗಾತ್ರದ ಎರಡರಷ್ಟು ಆಳಕ್ಕೆ ಬಿತ್ತಿ. ಚೀಲಗಳನ್ನು ಬಿದಿರು ತಟ್ಟಿ ಅಥವಾ ಜಾಲರಿಯ ಮೇಲೆ, ಒಂದಕ್ಕೊಂದು ತಾಗದಂತೆ ಇಡಿ. ಗಾಳಿ ಆಡಬೇಕು, ಇಲ್ಲದಿದ್ದರೆ ಬೇರು ಪಕ್ಕದ ಚೀಲಕ್ಕೆ ನುಗ್ಗುತ್ತದೆ. ಬಟ್ಟೆ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೋಡಿ. ನೆಡುವಾಗ ಚೀಲದ ಬಾಯಿ ಮಣ್ಣಿನ ಮೇಲೆ ಉಳಿಯಕೂಡದು. ಉಳಿದರೆ ಅದು ದೀಪದ ಬತ್ತಿಯ ಕೆಲಸ ಮಾಡಿ, ಬುಡದ ತೇವವನ್ನು ಮೇಲಕ್ಕೆ ಹೀರಿ ಗಾಳಿಗೆ ಬಿಡುತ್ತದೆ. ಮಡಚಿ ಹೂಳಿ ಇಲ್ಲವೇ ಕತ್ತರಿಸಿ. ಬಟ್ಟೆ ತಿನ್ನುವ ಜೀವಿಗಳಿಗೆ ಸಾರಜನಕ ಬೇಕು, ಅದನ್ನು ಸುತ್ತಲ ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗುಂಡಿಗೆ ಒಂದು ಬೊಗಸೆ ಎರೆಗೊಬ್ಬರ ಹೆಚ್ಚಿಗೆ ಹಾಕಿದರೆ ಎಲೆ ಹಳದಿಯಾಗದು.

ಅಂದಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ 1950ರಲ್ಲಿ ವನಮಹೋತ್ಸವ ಶುರುಮಾಡಿದಂದಿನಿಂದ ಪ್ರತಿ ಜುಲೈ ಮೊದಲ ವಾರ ನಾವು ಗಿಡ ನೆಡುತ್ತಿದ್ದೇವೆ. ಗಿಡ ಮಣ್ಣಿಗೆ ಹೋಗುತ್ತದೆ, ಹರಿದ ಕರಿ ಕೊಟ್ಟೆ ಗುಂಡಿಯ ಪಕ್ಕ ಬಿದ್ದಿರುತ್ತದೆ. ಶಾಲೆಯ ಮೇಷ್ಟ್ರುಗಳೇ, ಸ್ತ್ರೀಶಕ್ತಿ ಸಂಘದ ಅಕ್ಕಂದಿರೇ, ನರ್ಸರಿ ನಡೆಸುವವರೇ, ಬರುವ ಮುಂಗಾರಿಗೆ ಒಂದು ಸಾಲು ಸಸಿಯನ್ನಾದರೂ ಹತ್ತಿ ಚೀಲದಲ್ಲೋ ಗೋಣಿ ಚೀಲದಲ್ಲೋ ಎಬ್ಬಿಸಿ. ಕೊಳ್ಳುವ ನಾವೂ ಸುಮ್ಮನಿರುವುದು ಬೇಡ. ನರ್ಸರಿಗೆ ಹೋದಾಗಲೆಲ್ಲ ಬಟ್ಟೆ ಚೀಲದ ಸಸಿ ಇದೆಯೇ ಎಂದು ಕೇಳೋಣ.